ಫೋನಿನ ಮೋಡೆಮ್ ಬೇರ್ಪಡಿಸುವ ಬಗೆ

ಮೋಡೆಮ್ ಎಂದರೆ ಫೋನಿನಲ್ಲಿ ಟವರ್ ಜೊತೆ ಮಾತಾಡುವ ಚಿಪ್. ಸಿಮ್ ತೆಗೆದರೂ ಅದು ಸುಮ್ಮನಾಗುವುದಿಲ್ಲ. ತುರ್ತು ಕರೆಗಾಗಿ ಟವರ್ ಹುಡುಕುತ್ತಲೇ ಇರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಫರ್ಮ್‌ವೇರ್ (ಚಿಪ್‌ನೊಳಗಿನ ಸಾಫ್ಟ್‌ವೇರ್) ಇದೆ. ಒಳಗೇನು ನಡೆದಿದೆ ಎಂದು ಆಂಡ್ರಾಯ್ಡ್‌ಗೂ ಪೂರ್ತಿ ತಿಳಿಯದು. ಹಾಗಾಗಿ ಅದನ್ನು ಫೋನಿನ ಮೆಮೊರಿಯಿಂದ ದೂರ ಇಡಬೇಕು, ಬೇಡವಾದಾಗ ರೇಡಿಯೊ ನಿಲ್ಲಿಸಬೇಕು.

ಮೊದಲನೆಯದಕ್ಕೆ ಗ್ರಾಫೀನ್‌ಓಎಸ್ (ಭದ್ರತೆಗೆ ಒತ್ತು ಕೊಡುವ ಆಂಡ್ರಾಯ್ಡ್ ಆವೃತ್ತಿ) ಹಾಕಿದ ಗೂಗಲ್ ಪಿಕ್ಸೆಲ್ ಫೋನ್ ಒಳ್ಳೆಯ ಆಯ್ಕೆ. ಮೋಡೆಮ್ ತನಗೆ ಕೊಟ್ಟ ಮೆಮೊರಿ ಬಿಟ್ಟು ಬೇರೆಡೆ ಕೈಹಾಕದಂತೆ ಪಿಕ್ಸೆಲ್‌ನ ಐಓಎಂಎಂಯು (ಯಾವ ಭಾಗ ಯಾವ ಮೆಮೊರಿ ಮುಟ್ಟಬಹುದು ಎಂದು ಕಾಯುವ ಹಾರ್ಡ್‌ವೇರ್) ತಡೆಯುತ್ತದೆ. ನೀವು ಏನೂ ಹೊಂದಿಸಬೇಕಿಲ್ಲ. ಹೊಂದಿಸಬೇಕಾದದ್ದು ನೆಟ್‌ವರ್ಕ್ ಬಗೆ: ಸೆಟ್ಟಿಂಗ್ಸ್‌ನಲ್ಲಿ ಸಿಮ್ ತೆರೆದು ‘4ಜಿ ಮಾತ್ರ’ ಆರಿಸಿ. 2ಜಿಯಲ್ಲಿ ಟವರ್ ತಾನು ಅಸಲಿ ಎಂದು ಫೋನಿಗೆ ಸಾಬೀತು ಮಾಡಬೇಕಿಲ್ಲ, ನಕಲಿ ಟವರ್‌ಗಳಿಗೆ ಅದೇ ದಾರಿ. ಆಮೇಲೆ ವೋಲ್ಟಿ (4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ) ಆನ್ ಇದೆಯೇ ನೋಡಿ, ಇಲ್ಲವಾದರೆ ಕರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ದೇವದುರ್ಗ, ಕುಷ್ಟಗಿ ಕಡೆ ನಿಮ್ಮೂರಲ್ಲಿ 2ಜಿ ಮಾತ್ರ ಸಿಗುವುದಾದರೆ ಈ ಸೆಟ್ಟಿಂಗ್ ಬೇಡ. ಯಾವ ನೆಟ್‌ವರ್ಕ್ ಹಿಡಿದಿದೆ ಎಂದು *#*#4636#*#* ಒತ್ತಿ ನೋಡಬಹುದು.

ಇನ್ನೂ ಬಿಗಿಯಾದ ದಾರಿ ಬೇಕಿದ್ದರೆ ಸಿಮ್ಮನ್ನು ಪುಟ್ಟ 4ಜಿ ಹಾಟ್‌ಸ್ಪಾಟ್ ಸಾಧನಕ್ಕೆ ಹಾಕಿ. ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಒತ್ತಿ, ನಂತರ ವೈಫೈ ಮಾತ್ರ ಆನ್ ಮಾಡಿ. ಫೋನಿನಲ್ಲಿ ಇನ್ನೊಂದು ಸಿಮ್ ಉಳಿದಿದ್ದರೆ ವೈಫೈ ಕಾಲಿಂಗ್ ಆಫ್ ಮಾಡಲೇಬೇಕು. ಅದು ಏರ್‌ಪ್ಲೇನ್ ಮೋಡ್‌ನಲ್ಲೂ ಸಿಮ್ ಬಳಸಿ ಕಂಪನಿಯ ಸರ್ವರ್‌ಗೆ ನೋಂದಾಯಿಸಿಕೊಳ್ಳುತ್ತದೆ. ಹಾಟ್‌ಸ್ಪಾಟ್ ಎಲ್ಲಿದೆ ಎಂಬುದು ಟವರ್‌ಗೆ ತಿಳಿದೇ ಇರುತ್ತದೆ. ಅದನ್ನು ಆಫ್ ಮಾಡಿದರೆ ಮಾತ್ರ ಆ ಜಾಡು ನಿಲ್ಲುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಯುಪಿಐನಲ್ಲಿ. ನೋಂದಣಿಗೆ ಎಸ್‌ಎಂಎಸ್ ಅದೇ ಫೋನಿನ ಸಿಮ್ಮಿನಿಂದ ಹೋಗಬೇಕು. ಗಂಗಾವತಿ ಸಂತೆಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಡುವವರು ಬ್ಯಾಂಕ್ ನಂಬರ್ ಇರುವ ಅಗ್ಗದ ಫೋನ್ ಒಂದನ್ನು ಬೇರೆ ಇಟ್ಟುಕೊಳ್ಳುವುದೇ ಸರಿ. ರಾಯಚೂರಿನ ಬೇಸಿಗೆಯಲ್ಲಿ ಹಾಟ್‌ಸ್ಪಾಟನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಬ್ಯಾಟರಿ ಊದಿ ಹಿಂದಿನ ಮುಚ್ಚಳ ಮೇಲೆದ್ದರೆ ಮತ್ತೆ ಚಾರ್ಜ್ ಹಾಕದೆ ಬ್ಯಾಟರಿ ಬದಲಿಸಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬದಲಿಸಿಕೊಡುತ್ತೇವೆ ಎನ್ನುವ ಅಂಗಡಿಗಳತ್ತ ಹೋಗಲೇಬೇಡಿ, 2023ರ ದೂರಸಂಪರ್ಕ ಕಾಯ್ದೆಯಡಿ ಅದು ಅಪರಾಧ.

ಮೋಡೆಮ್‌ನ ವಿದ್ಯುತ್ತನ್ನೇ ಕತ್ತರಿಸಬೇಕೆಂದರೆ ಪೈನ್‌ಫೋನ್ ಎಂಬ ಲಿನಕ್ಸ್ ಫೋನ್ ಇದೆ. ಅದನ್ನು ಆಫ್ ಮಾಡಿ, ಹಿಂದಿನ ಮುಚ್ಚಳವನ್ನು ಮೂಲೆಯ ಸೀಳಿನಲ್ಲಿ ಉಗುರು ಹಾಕಿ ಎಬ್ಬಿಸಿ. ಒಳಗೆ ಆರು ಪುಟಾಣಿ ಸ್ವಿಚ್‌ಗಳಿವೆ, 1ನೆಯದು ಮೋಡೆಮ್‌ನದು. ಕಬ್ಬಿಣದ ಸೂಜಿ ಬೇಡ, ಹಲ್ಲುಕಡ್ಡಿಯಿಂದ ಮೆಲ್ಲಗೆ ಸರಿಸಿ. ಜಿಪಿಎಸ್ ಕೂಡ ಅದೇ ಮೋಡೆಮ್‌ನಲ್ಲಿ ಇರುವುದರಿಂದ ಅದೂ ನಿಲ್ಲುತ್ತದೆ, ದಾರಿ ನೋಡಲು ನಕ್ಷೆ ಬೇಕಿದ್ದರೆ ಮೊದಲೇ ಯೋಚಿಸಿ.