ಕೂರುವ ಜಾಗಕ್ಕೆ ಬೆನ್ನಿನ ತೊಗಲು

ನಮ್ಮ ಮನೆಯ ಎರಡು ಸೀಟಿನ ಸೋಫಾಗೆ ನಾನೇ ಮೊದಲ ಸಲ ಹೊದಿಕೆ ಹೊಲಿದಾಗ ತಂದದ್ದು ಬಾಂಡೆಡ್ ಲೆದರ್. ರೋಲ್‌ನಲ್ಲಿ ಬರುತ್ತದೆ, ಎಲ್ಲೂ ಒಂದು ಕಲೆಯಿಲ್ಲ, ಬಟ್ಟೆಯ ಹಾಗೆ ಕತ್ತರಿಸಬಹುದು. ಮೂರನೇ ವರ್ಷಕ್ಕೆ ಕೈ ಇಡುವ ಜಾಗದಲ್ಲಿ ಬಿರುಕು ಬಿಟ್ಟಿತು. ಆಮೇಲೆ ಕೂತು ಎದ್ದವರ ಬಟ್ಟೆಗೆಲ್ಲ ಸಿಪ್ಪೆ ಅಂಟತೊಡಗಿತು. ತೊಗಲಿನ ಚೂರುಗಳನ್ನು ಪುಡಿ ಮಾಡಿ, ಪಾಲಿಯುರೆಥೇನ್ ಸೇರಿಸಿ ಹಾಳೆ ಮಾಡಿದ್ದು ಅದು. ಒಮ್ಮೆ ಸಿಪ್ಪೆ ಏಳೋಕೆ ಶುರುವಾದರೆ ರಿಪೇರಿ ಮಾತೇ ಇಲ್ಲ.

ಅಂದಿನಿಂದ ಲೆದರ್ ಕೈಗೆ ಬಂದರೆ ಮೊದಲು ಕತ್ತರಿಸಿದ ಅಂಚು ನೋಡುತ್ತೇನೆ. ಇಡೀ ತೊಗಲಾದರೆ ಉಗುರಿನಿಂದ ಕೆದಕಿದಾಗ ನಾರು ನಾರಾಗಿ ಏಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸುತ್ತ ಸಣ್ಣ ಸುಕ್ಕುಗಳು ಹರಡುತ್ತವೆ. ಸೋಫಾಗೆ 1ರಿಂದ 1.2 ಮಿಲಿಮೀಟರ್ ದಪ್ಪ ಸರಿಹೋಗುತ್ತದೆ. ಬೆಲ್ಟ್ ಮಾಡುವ ದಪ್ಪ ತೊಗಲು ಕುಶನ್‌ನ ಮೂಲೆಯಲ್ಲಿ ಬಾಗುವುದೇ ಇಲ್ಲ.

ಎರಡನೇ ಸಲ ನನ್ನ ಮನಸ್ಸು ಅನಿಲಿನ್ ಲೆದರ್ ಮೇಲೆ ಬಿತ್ತು. ಅದಕ್ಕೆ ಬರೀ ಡೈ ಕುಡಿಸಿರುತ್ತಾರೆ, ಮೇಲೆ ಬಣ್ಣದ ಪದರ ಇರುವುದಿಲ್ಲ. ಮುಟ್ಟಿದರೆ ಕೈ ತೆಗೆಯೋಕೆ ಮನಸ್ಸೇ ಬರಲ್ಲ, ಅಷ್ಟು ಮೆತ್ತಗೆ. ಸ್ಯಾಂಪಲ್ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಹನಿ ಮೆಲ್ಲಗೆ ಒಳಗಿಳಿದು ಕಪ್ಪು ಚುಕ್ಕೆಯಾಯಿತು. ಮೇಲೆ ಬಣ್ಣದ ಪದರ ಇರುವ ಪಿಗ್ಮೆಂಟೆಡ್ ಲೆದರ್ ತುಂಡಿನ ಮೇಲೆ ಅದೇ ಹನಿ ಮುತ್ತಿನ ಹಾಗೆ ನಿಂತಿತು. ನೀರಿನ ಗುರುತು ಒಣಗಿದ ಮೇಲೆ ಹೆಚ್ಚುಕಮ್ಮಿ ಮಾಯವಾಯಿತು ನಿಜ. ಆದರೆ ಬೆರಳಿನ ಎಣ್ಣೆ ಮುಟ್ಟಿಸಿ ನೋಡಿದೆ, ಆ ಕಲೆ ಹೋಗಲೇ ಇಲ್ಲ. ಎರಡೂ ತುಂಡುಗಳಿಗೆ ಅರ್ಧ ರಟ್ಟು ಮುಚ್ಚಿ ಕಿಟಕಿಯ ಬಿಸಿಲಿಗೆ ಇಟ್ಟೆ. ಕೆಲವು ವಾರ ಬಿಟ್ಟು ರಟ್ಟು ತೆಗೆದರೆ ಅನಿಲಿನ್ ತುಂಡಿನಲ್ಲಿ ಎರಡು ಬಣ್ಣ ಕಂಡಿತು. ನಮ್ಮ ಸೋಫಾ ಇರುವುದೇ ಕಿಟಕಿ ಪಕ್ಕ, ಮನೆಯಲ್ಲಿ ಚಿಕ್ಕ ಮಕ್ಕಳು ಬೇರೆ. ಆಸೆ ಬಿಟ್ಟು ಪಿಗ್ಮೆಂಟೆಡ್ ತಂದೆ. ಬಿಸಿಲು ಬೀಳದ, ಒಬ್ಬರೇ ಓದುತ್ತ ಕೂರುವ ಕುರ್ಚಿಗಾದರೆ ಇವತ್ತೂ ಅನಿಲಿನ್ ಹಾಕಿ ಅಂತಲೇ ಹೇಳುತ್ತೇನೆ.

ಇಷ್ಟೆಲ್ಲ ನೋಡಿ ತಂದರೂ ಆರೇ ತಿಂಗಳಿಗೆ ಒಂದು ಸೀಟು ಜೋತುಬಿತ್ತು. ಫೋಮ್ ಕೂತುಹೋಗಿದೆ ಅಂದುಕೊಂಡು ಬಿಚ್ಚಿ ನೋಡಿದೆ. ಫೋಮ್ ಚೆನ್ನಾಗೇ ಇತ್ತು, ತೊಗಲೇ ಹಿಗ್ಗಿತ್ತು. ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಳೆದರು ಅಷ್ಟೇ. "ಹೊಟ್ಟೆ ಭಾಗನ ಕೂರೋ ಜಾಗಕ್ಕೆ ಹಾಕಿದೀಯಲ್ಲಮ್ಮ" ಅಂದರು.

ದನದ ಒಂದು ಇಡೀ ತೊಗಲು ಸುಮಾರು 50 ಚದರ ಅಡಿ ಇರುತ್ತದೆ, ಆದರೆ ಎಲ್ಲ ಕಡೆ ಒಂದೇ ಗಟ್ಟಿ ಇರಲ್ಲ. ಬೆನ್ನಿನ ಕಡೆ ಎಳೆಗಳು ಒತ್ತಾಗಿ ಹೆಣೆದಿರುತ್ತವೆ. ಹೊಟ್ಟೆ, ಕಾಲಿನ ಹತ್ತಿರ ಸಡಿಲ. ಜಾಗ ಉಳಿಸೋಕೆ ಅಂತ ನಾನು ಅಂಚಿನಿಂದ ಕತ್ತರಿಸುತ್ತ ಬಂದಿದ್ದೆ. ಈಗ ತೊಗಲನ್ನು ನೆಲದ ಮೇಲೆ ಹಾಸಿ, ಅಂಗೈ ಅಗಲದ ಜಾಗಗಳನ್ನು ಒಂದೊಂದಾಗಿ ಎಳೆದು ನೋಡುತ್ತೇನೆ. ಸಡಿಲ ಇದ್ದ ಕಡೆ ಚಾಕ್‌ಪೀಸಿನಲ್ಲಿ ಗುರುತು. ಸೀಟಿನ ತುಂಡುಗಳು ಮೊದಲು, ಅವೂ ಬೆನ್ನಿನಿಂದಲೇ. ಆಮೇಲೆ ಒರಗುವ ಭಾಗ, ಕೈಗಳು. ಹೊಟ್ಟೆಯ ತೊಗಲು ಸೋಫಾದ ಹಿಂಬದಿಗೆ. ಹೀಗೆ ಕತ್ತರಿಸಿದರೆ ಕಾಲು ಭಾಗಕ್ಕಿಂತ ಜಾಸ್ತಿ ವೇಸ್ಟ್ ಆಗುತ್ತದೆ, ಅದನ್ನು ಸೇರಿಸಿಯೇ ಲೆಕ್ಕ ಹಾಕಿ ತರಬೇಕು.

ಹೊಲಿಯುವಾಗ ಲೆದರ್ ಸೂಜಿ, ನೈಲಾನ್ ದಾರ, 4 ಮಿಲಿಮೀಟರ್ ಹೊಲಿಗೆ. ಇನ್ನೂ ಒತ್ತಾಗಿ ಹಾಕಿದರೆ ತೂತುಗಳ ಸಾಲಿನಲ್ಲೇ ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ. ಬಿಚ್ಚಿದ ಹೊಲಿಗೆಯ ತೂತು ಮುಚ್ಚಿಕೊಳ್ಳುವುದೂ ಇಲ್ಲ.

ಬೆನ್ನಿನ ಭಾಗದ್ದೇ ಎರಡು ತುಂಡು ಉಳಿದಿವೆ, ಮುಂದೆ ಸೀಟಿಗೆ ಬೇಕಾಗಬಹುದು. ಸುರುಳಿ ಸುತ್ತಿ ಇಟ್ಟಿದ್ದೇನೆ. ಮಡಚಿಟ್ಟರೆ ಬಿದ್ದ ಗೆರೆ ಹಾಗೇ ಉಳಿದುಬಿಡುತ್ತದೆ.