ಮೆಜೆಸ್ಟಿಕ್ ಮೆಟ್ರೋದಲ್ಲಿ ದಾರಿ ತಪ್ಪದಿರಲು

ದಾವಣಗೆರೆ, ಚಿತ್ರದುರ್ಗದಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗೋರು ಗಮನಿಸಿ. ಮೆಜೆಸ್ಟಿಕ್‌ನಲ್ಲಿ ನೆಲದಡಿ ಒಂದರ ಕೆಳಗೊಂದು ಪ್ಲಾಟ್‌ಫಾರ್ಮ್ ಇವೆ: ಮೇಲೆ ನೇರಳೆ ಮಾರ್ಗ (ವೈಟ್‌ಫೀಲ್ಡ್–ಚಲ್ಲಘಟ್ಟ, ಇಲ್ಲಿ 2016ರಿಂದ), ಅದರಡಿ ಹಸಿರು (ಮಾದಾವರ–ರೇಷ್ಮೆ ಸಂಸ್ಥೆ, 2017ರಿಂದ).

ಮಾರ್ಗ ಬದಲಿಸುವಾಗ ಗೇಟ್ ದಾಟಬೇಡಿ, ಒಳಗಿನ ಎಸ್ಕಲೇಟರ್‌ನಲ್ಲೇ ಹತ್ತಿ ಇಲ್ಲವೇ ಇಳಿಯಿರಿ. ಹೊಸಬರು ಎಡವೋದು ಇಲ್ಲೇ. ಜನರ ಹಿಂದೆ ಹೋಗಿ ಟೋಕನ್ ಗೇಟಿನ ಸಂದಿಗೆ ಹಾಕಿದಿರೋ, ಅದು ವಾಪಸ್ ಬರಲ್ಲ, ಮತ್ತೆ ದುಡ್ಡು ಕೊಟ್ಟು ಟಿಕೆಟ್ ತಗೋಬೇಕು.

ಜಯನಗರ ಕಡೆ ಹೋಗೋರು ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಬರೋದೇ ಬೇಡ. ತುಮಕೂರು ರಸ್ತೆಯ ನಾಗಸಂದ್ರದಲ್ಲೇ ಇಳಿದು ಹಸಿರು ಹತ್ತಿ. ಭಾನುವಾರ ಮಾತ್ರ ಬೆಳಿಗ್ಗೆ 7ರ ತನಕ ಮೆಟ್ರೋ ಇರಲ್ಲ.