ಹೋಸ್ಟಿಂಗ್ ಖಾತೆ: ಜಾಗ ತುಂಬಿಸಿದ್ದು ಯಾರು, ಮೇಲ್ ಹೋಗದ್ದು ಏಕೆ?

ಸೈಟ್ ಸರಿಯಾಗಿಯೇ ತೆರೆಯುತ್ತಿದೆ, ಆದರೆ ಅದೇ ಡೊಮೈನಿನ ವಿಳಾಸಕ್ಕೆ ಕಳಿಸಿದ ಮೇಲ್ ಬೌನ್ಸ್ ಆಗುತ್ತಿದೆ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಜಾಗವನ್ನು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಸೈಟಿನ ಫೈಲ್, ಮೇಲ್, ಲಾಗ್ ಎಲ್ಲವೂ ಒಂದೇ ಕೋಟಾದಲ್ಲಿ, ಅಂದರೆ ಖಾತೆಗೆ ಕೊಟ್ಟ ಜಾಗದ ಮಿತಿಯಲ್ಲಿ, ಇರುತ್ತವೆ. ತುಂಬಿದೆ ಎಂಬುದನ್ನು ಕಂಟ್ರೋಲ್ ಪ್ಯಾನೆಲ್ ಹೇಳುತ್ತದೆ. ತುಂಬಿಸಿದ್ದು ಯಾವುದು ಎಂದು ನೋಡಲು, ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಶೆಲ್ಲೇ ಸಲೀಸು. (ಇಲ್ಲಿ ಕನ್ನಡದಲ್ಲಿ ಬರೆದ ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.)

ಒಳಗೆ ಹೋಗುವುದು

ಪ್ಯಾನೆಲ್‌ನಲ್ಲಿ ಎಸ್‌ಎಸ್‌ಎಚ್ ಸೌಲಭ್ಯ (ದೂರದ ಸರ್ವರ್‌ನ ಶೆಲ್ಲಿಗೆ ಸುರಕ್ಷಿತವಾಗಿ ಹೋಗುವ ದಾರಿ) ಆನ್ ಮಾಡಿ. ನಿಮ್ಮ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ‘ಎಸ್‌ಎಸ್‌ಎಚ್’, ಸ್ಪೇಸ್, ಯೂಸರ್‌ನೇಮ್, ಆಮೇಲೆ @ ಮತ್ತು ಡೊಮೈನ್ ಬರೆದು ಎಂಟರ್ ಒತ್ತಿ. ಪೋರ್ಟ್, ಅಂದರೆ ಸರ್ವರ್‌ನ ಸಂಪರ್ಕ ದ್ವಾರದ ಸಂಖ್ಯೆ, ರೂಢಿಯಲ್ಲಿ 22. ಹೋಸ್ಟ್ ಬೇರೆ ಕೊಟ್ಟಿದ್ದರೆ ‘-ಪಿ’ ಜೊತೆ ಆ ಸಂಖ್ಯೆ ಸೇರಿಸಿ. ಪಾಸ್‌ವರ್ಡ್ ಟೈಪ್ ಮಾಡುವಾಗ ತೆರೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಗಾಬರಿ ಬೇಡ.

ಜಾಗ ಹುಡುಕುವುದು

‘ಡಿಯು -ಎಸ್‌ಎಚ್ *’ ಎಂದರೆ ಒಂದೊಂದು ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ನಕ್ಷತ್ರ ಚಿಹ್ನೆಗೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು ಸಿಗವು. ಅವನ್ನು ‘ಎಲ್‌ಎಸ್ -ಎಲ್‌ಎ’ ತೋರಿಸುತ್ತದೆ. ಪ್ಯಾನೆಲ್‌ನ ಕಸದಬುಟ್ಟಿ ಹೀಗೆ ಅಡಗಿ ಕೂತು ಗಿಗಾಬೈಟ್‌ಗಟ್ಟಲೆ ನುಂಗಿರುವುದುಂಟು. ಇನ್ನೊಂದು ಮಿತಿ ಫೈಲ್‌ಗಳ ಸಂಖ್ಯೆಯದು, ಅದನ್ನು ಐನೋಡ್ ಎನ್ನುತ್ತಾರೆ. ಮೇಲ್ ಕೂಡಿಡುವ ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್. ಹಾಗಾಗಿ ಯಾರೂ ತೆರೆಯದ ಮೇಲ್‌ಬಾಕ್ಸ್‌ಗೆ ಸುರಿಯುವ ಸ್ಪ್ಯಾಮ್ ಇಡೀ ಖಾತೆಯನ್ನೇ ಕಟ್ಟಿಹಾಕಬಲ್ಲದು.

ಅಳಿಸುವ ಮುನ್ನ ‘ಪಿಡಬ್ಲ್ಯೂಡಿ’ ಒತ್ತಿ ಎಲ್ಲಿದ್ದೀರಿ ಎಂದು ನೋಡಿಕೊಳ್ಳಿ. ‘ಆರ್‌ಎಂ’ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ‘ಟಾರ್ -ಸಿಝಡ್‌ಎಫ್’ ಬಳಸಿ ಬ್ಯಾಕಪ್ ಮಾಡಿ, ಆದರೆ ಆ ಕಡತವನ್ನು ಪಬ್ಲಿಕ್ ಫೋಲ್ಡರ್‌ನಲ್ಲಿ ಇಡಬೇಡಿ. ಹೆಸರು ಊಹಿಸಿದವರು ಬ್ರೌಸರ್‌ನಿಂದಲೇ ಇಳಿಸಿಕೊಂಡಾರು.

ಅನುಮತಿಗಳ ವಿಷಯ ಚಿಕ್ಕದು: ಫೈಲ್‌ಗೆ 644, ಫೋಲ್ಡರ್‌ಗೆ 755 (ಬದಲಿಸುವ ಹಕ್ಕು ಮಾಲೀಕರಿಗೆ ಮಾತ್ರ). ಏನೋ ನಡೆಯಲಿಲ್ಲವೆಂದು ‘ಸಿಎಚ್‌ಮಾಡ್ 777’ (ಎಲ್ಲರಿಗೂ ಎಲ್ಲ ಅನುಮತಿ) ಕೊಡುವ ಸಲಹೆ ಯಾರಿಂದ ಬಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ಇಮೇಲ್

ಮೇಲ್ ಎಲ್ಲಿಗೆ ಬರಬೇಕೆಂದು ತಿಳಿಸುವುದು ಎಂಎಕ್ಸ್ ರೆಕಾರ್ಡ್. ‘ಡಿಗ್ ಎಂಎಕ್ಸ್’ ಜೊತೆ ಡೊಮೈನ್ ಕೊಟ್ಟರೆ ಈಗ ಅದು ಎತ್ತ ತೋರಿಸುತ್ತಿದೆ ಎಂದು ಗೊತ್ತಾಗುತ್ತದೆ. ನೇಮ್‌ಸರ್ವರ್ (ಡೊಮೈನಿನ ರೆಕಾರ್ಡ್‌ಗಳನ್ನು ಇಟ್ಟುಕೊಂಡ ಸರ್ವರ್) ಬೇರೆ ಕಡೆ ಇದ್ದರೆ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ರೆಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. ನೇಮ್‌ಸರ್ವರ್ ಇರುವಲ್ಲೇ ಬದಲಿಸಬೇಕು. ಮೇಲ್ ಸೇವೆ ಬೇರೆಯವರದಾಗಿದ್ದರೆ ಸಿಪ್ಯಾನೆಲ್ ಎಂಬ ಕಂಟ್ರೋಲ್ ಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ‘ರಿಮೋಟ್’ ಆಯ್ದುಕೊಳ್ಳಿ. ಇಲ್ಲವಾದರೆ ಸೈಟಿನ ಸಂಪರ್ಕ ಫಾರ್ಮ್ ನಿಮ್ಮದೇ ವಿಳಾಸಕ್ಕೆ ಕಳಿಸಿದ ಮೇಲ್ ಹೊರಗೇ ಹೋಗದೆ ಸರ್ವರ್‌ನಲ್ಲೇ ಉಳಿದೀತು.

ಫೋನಿನ ಮೇಲ್ ಆಪ್‌ನಲ್ಲಿ ಒಳಬರುವುದಕ್ಕೆ ಐಮ್ಯಾಪ್ ಪೋರ್ಟ್ 993, ಹೊರಹೋಗುವುದಕ್ಕೆ ಎಸ್‌ಎಂಟಿಪಿ 465 ಅಥವಾ 587. ಯೂಸರ್‌ನೇಮ್ ಕೇಳಿದಲ್ಲಿ ಹೆಚ್ಚಿನ ಕಡೆ ಪೂರ್ತಿ ಇಮೇಲ್ ವಿಳಾಸವನ್ನೇ ಕೊಡಬೇಕು.

ಕಳಿಸಿದ್ದು ಸ್ಪ್ಯಾಮ್‌ಗೆ ಬೀಳದಿರಲು ಮೂರು ಟಿಎಕ್ಸ್‌ಟಿ (ಪಠ್ಯರೂಪದ) ರೆಕಾರ್ಡ್‌ಗಳು ಬೇಕು. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಎಸ್‌ಪಿಎಫ್ ಹೇಳುತ್ತದೆ; ಡಿಕೆಐಎಂ ಮೇಲ್‌ಗೆ ಸಹಿ ಹಾಕುತ್ತದೆ; ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ತಿಳಿಸುತ್ತದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಮೂರನ್ನೂ ಕಡ್ಡಾಯ ಮಾಡಿದೆ. ಒಂದು ಡೊಮೈನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಹೊಸ ಸೇವೆ ಸೇರಿಸುವಾಗ ಎರಡನೆಯದನ್ನು ಹಾಕಿದರೆ ಮೊದಲನೆಯದೂ ಕೆಡುತ್ತದೆ; ಹಳೆಯ ಸಾಲಿನಲ್ಲೇ ಹೊಸ ‘ಇನ್‌ಕ್ಲೂಡ್’ (ಆ ಸೇವೆಗೂ ಕಳಿಸಲು ಅನುಮತಿ ಕೊಡುವ ಭಾಗ) ಸೇರಿಸಿ. ಡಿಮಾರ್ಕ್ ಅನ್ನು ‘none’ (ಏನೂ ಕ್ರಮ ಬೇಡ) ಎಂಬುದರಿಂದ ಶುರುಮಾಡಿ, ವರದಿಗಳನ್ನು ನೋಡಿದ ಮೇಲೆ ಬಿಗಿ ಮಾಡಿ.

ಕೊನೆಗೆ ಒಂದು ಜಿಮೇಲ್ ವಿಳಾಸಕ್ಕೆ ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು. ಡಿಕೆಐಎಂ ಮಾತ್ರ ‘ಫೇಲ್’ ಆದರೆ ಆ ರೆಕಾರ್ಡ್‌ನಲ್ಲಿರುವ, ಸಹಿ ಪರೀಕ್ಷಿಸುವ ಕೀ ಅರ್ಧಕ್ಕೆ ಕತ್ತರಿಸಿಹೋಗಿದೆಯೇ ನೋಡಿ: 2048 ಬಿಟ್‌ನ ಕೀ, ಟಿಎಕ್ಸ್‌ಟಿಯ ಒಂದು ತುಣುಕಿಗಿರುವ 255 ಅಕ್ಷರಗಳ ಮಿತಿಯನ್ನು ದಾಟುತ್ತದೆ. ಕೆಲವು ಪ್ಯಾನೆಲ್‌ಗಳು ತಾವೇ ತುಂಡರಿಸಿಕೊಳ್ಳುತ್ತವೆ. ಉಳಿದವುಗಳಲ್ಲಿ ನೀವೇ ಒಡೆದು, ಪ್ರತಿ ತುಣುಕನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು.